ಮಂಗಳವಾರ ರಜೆಯಿರುವ ಲೂವ್ರ್ ಮ್ಯೂಸಿಯಂಗೆ ಮಂಗಳವಾರವೇ ಕರೆದೊಯ್ದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ.

ವಿಷಯ: 2025ರ ಮೇ ತಿಂಗಳ ಯುರೋಪ್ ಪ್ರವಾಸದಲ್ಲಿ ಪ್ಯಾರಿಸ್ ಕಾರ್ಯಕ್ರಮ ಒಪ್ಪಿಕೊಂಡಂತೆ ನಡೆಯದ ಬಗ್ಗೆ ಹಾಗೂ ಹಣದ ಮರುಪಾವತಿ ಕುರಿತು.

ಮಾನ್ಯರೇ,

ನಿಮ್ಮ ಸಂಸ್ಥೆ ಏರ್ಪಡಿಸಿದ್ದ ಮೇಲ್ಕಂಡ ಪ್ರವಾಸದಲ್ಲಿ ನಾನು, ನನ್ನ ಪತ್ನಿ ಮತ್ತು 72 ವರ್ಷದ ನನ್ನ ತಂದೆಯವರು ಪಾಲ್ಗೊಂಡಿದ್ದೆವು. ಊರಿಗೆ ಮರಳಿದ ಮೇಲೆ ನಾನು ಕಳಿಸಿದ ಇಮೇಲ್‌ಗೆ "ಅನಿವಾರ್ಯ ಕಾರಣಗಳಿಂದ ಕಾರ್ಯಕ್ರಮದಲ್ಲಿ ಬದಲಾವಣೆಯಾಗಿದೆ, ಸಹಕರಿಸಿ" ಎಂಬ ಒಂದೇ ಸಾಲಿನ ಉತ್ತರ ಬಂದಿರುವುದರಿಂದ, ಆ ಕಾರಣ ಎಷ್ಟು ಅನಿವಾರ್ಯವಾಗಿತ್ತೆಂಬುದನ್ನು ವಿವರವಾಗಿ ತಿಳಿಸಬೇಕಾಗಿದೆ.

ಮುಂಗಡ ಕಟ್ಟುವಾಗ ನೀವು ಕೊಟ್ಟ ಮುದ್ರಿತ ಕಾರ್ಯಕ್ರಮ ಪಟ್ಟಿಯಲ್ಲಿ ಮೇ 20ಕ್ಕೆ "ಲೂವ್ರ್ ಮ್ಯೂಸಿಯಂ ಒಳಗೆ ಭೇಟಿ, ಪ್ರವೇಶ ಶುಲ್ಕ ಸೇರಿದೆ" ಎಂದು ಸ್ಪಷ್ಟವಾಗಿ ಬರೆದಿದೆ. ಆ ದಿನ ಮಂಗಳವಾರ, ಮತ್ತು ಲೂವ್ರ್‌ಗೆ ವಾರದ ರಜೆಯೂ ಮಂಗಳವಾರವೇ. ಇದು ಗುಟ್ಟಿನ ಸಂಗತಿಯೇನಲ್ಲ. ಮ್ಯೂಸಿಯಂನ ಜಾಲತಾಣವನ್ನು ತೆರೆದ ಯಾರಿಗಾದರೂ ಕಾಣುವ ಮಾಹಿತಿ ಇದು. ಪ್ರವೇಶಕ್ಕೆ ಸಮಯ ನಿಗದಿಪಡಿಸಿದ ಟಿಕೆಟನ್ನು ಮೊದಲೇ ಕಾಯ್ದಿರಿಸುವ ಪದ್ಧತಿ ಅಲ್ಲಿರುವಾಗ, ಮಂಗಳವಾರಕ್ಕೆ ಟಿಕೆಟ್ ಸಿಗುವುದೇ ಇಲ್ಲವೆಂಬುದು ಕಾಯ್ದಿರಿಸಲು ಒಮ್ಮೆ ಪ್ರಯತ್ನಿಸಿದ್ದರೂ ನಿಮ್ಮ ಸಿಬ್ಬಂದಿಗೆ ತಿಳಿಯುತ್ತಿತ್ತು. ಹಾಗಾದರೆ ನಮ್ಮ ಟಿಕೆಟ್ಟುಗಳನ್ನು ಯಾರೂ ಕೊಂಡೇ ಇರಲಿಲ್ಲವೆಂದು ನಾನು ತಿಳಿಯಬೇಕಾಗುತ್ತದೆ.

ಅಂದು ಬೆಳಿಗ್ಗೆ ಹತ್ತೂವರೆಗೆ ನಾವು ಗಾಜಿನ ಪಿರಮಿಡ್ ಇರುವ ಅಂಗಳಕ್ಕೆ ಬಂದಾಗ ಸರದಿ ಸಾಲೇ ಇರಲಿಲ್ಲ, ನಮ್ಮ ಪುಣ್ಯವೆಂದುಕೊಂಡೆವು. ಬಾಗಿಲ ಹತ್ತಿರ ಹೋದ ಮೇಲೆಯೇ ವಿಷಯ ತಿಳಿದದ್ದು. ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದ ನನ್ನ ತಂದೆಯವರು, ತಾವು ನೋಡಬೇಕಾದದ್ದನ್ನೆಲ್ಲ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದರು. ಮೋನಾಲಿಸಾ ಆ ಪಟ್ಟಿಯಲ್ಲಿ ನಾಲ್ಕನೆಯದು. ಮೊದಲನೆಯದು ಲೇಸ್ ಹೆಣೆಯುತ್ತಿರುವ ಹುಡುಗಿಯದು, ಡಚ್ ಕಲಾವಿದ ವರ್ಮೀರ್ ಬರೆದ ಚಿತ್ರ, ಹೆಚ್ಚುಕಡಿಮೆ ಸ್ಲೇಟಿನಷ್ಟೇ ದೊಡ್ಡದು. ನಿಮ್ಮ ಟೂರ್ ಮ್ಯಾನೇಜರ್ "ಹೊರಗಿನಿಂದಲೇ ಫೋಟೋ ತೆಗೆದುಕೊಳ್ಳಿ, ಇಪ್ಪತ್ತು ನಿಮಿಷ ಟೈಮ್ ಇದೆ" ಎಂದಾಗ ಅವರು ನೋಟ್‌ಬುಕ್ಕನ್ನು ಜೇಬಿಗಿಟ್ಟುಕೊಂಡು ಬಸ್ಸಿನತ್ತ ನಡೆದರು.

ಹಿಂದಿನ ದಿನ, ಅಂದರೆ ಸೋಮವಾರ, ಲೂವ್ರ್ ಸಂಜೆ ಆರರವರೆಗೆ ತೆರೆದಿತ್ತು. ಆ ಮಧ್ಯಾಹ್ನ ನೀವು ನಮ್ಮನ್ನು ಒಪೆರಾ ರಂಗಮಂದಿರದ ಬಳಿಯ ಸುಗಂಧದ್ರವ್ಯದ ಅಂಗಡಿಯೊಂದರಲ್ಲಿ ಒಂದೂವರೆ ಗಂಟೆ ಕೂರಿಸಿದಿರಿ. ಆ ಅಂಗಡಿ ಕಾರ್ಯಕ್ರಮ ಪಟ್ಟಿಯಲ್ಲಿ ಇರಲೇ ಇಲ್ಲ. ಒಪೆರಾದ ಮುಂದಿನ ನೇರ ರಸ್ತೆಯಲ್ಲಿ ಕಾಲು ಗಂಟೆ ನಡೆದರೆ ಲೂವ್ರ್ ಸಿಗುತ್ತದೆ. ಅದೂ ಹೋಗಲಿ, ಮಂಗಳವಾರವಾದರೂ ಸೇನ್ ನದಿಯ ಆಚೆ ದಡದ ಒರ್ಸೇ ಮ್ಯೂಸಿಯಂಗೆ ಕರೆದೊಯ್ಯಬಹುದಿತ್ತು. ಅದರ ರಜೆ ಸೋಮವಾರ. ಒಂದರ ಬದಲು ಇನ್ನೊಂದನ್ನು ತೋರಿಸಿದ್ದರೆ ಅದನ್ನು ಬದಲಾವಣೆ ಎನ್ನಬಹುದಿತ್ತು. ಏನನ್ನೂ ತೋರಿಸದಿರುವುದಕ್ಕೆ ಆ ಹೆಸರು ಸಲ್ಲದು.

ಎರಡನೆಯ ದೂರು ಸಣ್ಣದಾದರೂ ಹೆಚ್ಚು ಗಂಭೀರವಾದುದು. 2019ರ ಬೆಂಕಿ ಅನಾಹುತದ ನಂತರ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ನೋತ್ರ್ ದಾಮ್ ಚರ್ಚಿಗೆ "ಪ್ರವೇಶ ಟಿಕೆಟ್" ಎಂದು ಹೇಳಿ ಟೂರ್ ಮ್ಯಾನೇಜರ್ ಬಸ್ಸಿನಲ್ಲೇ ತಲಾ 15 ಯೂರೋ ನಗದು ವಸೂಲಿ ಮಾಡಿದರು. ಚರ್ಚಿನ ಒಳಗೆ ಪ್ರವೇಶ ಉಚಿತ. ಮುಂಚಿತವಾಗಿ ಸಮಯ ಕಾಯ್ದಿರಿಸುವುದಕ್ಕೂ ಹಣವಿಲ್ಲ. ಸಾಲಿನಲ್ಲಿ ನಿಂತಿದ್ದಾಗ ಚರ್ಚಿನ ಜಾಲತಾಣದಲ್ಲಿ ಇದನ್ನು ಓದಿ ನಾನು ರಸೀದಿ ಕೇಳಿದೆ; "ಹೋಟೆಲ್‌ನಲ್ಲಿ ಕೊಡುತ್ತೇನೆ" ಎಂದರು, ಇಂದಿಗೂ ಕೊಟ್ಟಿಲ್ಲ. ನಮ್ಮ ತಂಡದಲ್ಲಿ 34 ಜನರಿದ್ದೆವು. ಒಟ್ಟು 510 ಯೂರೋ ಎಲ್ಲಿಗೆ ಹೋಯಿತೆಂಬುದನ್ನು ನೀವೇ ವಿಚಾರಿಸಬೇಕು.

ಐಫೆಲ್ ಗೋಪುರದ ತುದಿಯವರೆಗೆ ಎಂದಿದ್ದದ್ದು ಎರಡನೇ ಅಂತಸ್ತಿಗೇ ನಿಂತದ್ದನ್ನು ನಾನು ದೂರಿಗೆ ಸೇರಿಸುತ್ತಿಲ್ಲ; ಅಂದು ಮೇಲಿನ ಲಿಫ್ಟ್ ಬಳಿ ಇದ್ದ ನೂಕುನುಗ್ಗಲನ್ನು ಕಣ್ಣಾರೆ ಕಂಡಿದ್ದೇನೆ. ಊಟದ ಬಗ್ಗೆಯೂ ಆಕ್ಷೇಪವಿಲ್ಲ. ಪ್ಯಾರಿಸ್‌ನಲ್ಲಿ ಎರಡು ರಾತ್ರಿಯೂ ಬಿಸಿ ಅನ್ನ ಸಾರು ಬಡಿಸಿದ ನಿಮ್ಮ ಅಡುಗೆಯವರಿಗೆ ನನ್ನ ವಂದನೆಗಳನ್ನು ತಿಳಿಸಿ.

ಆದ್ದರಿಂದ ಲೂವ್ರ್ ಪ್ರವೇಶದ ಅಂದಿನ ದರವಾದ ತಲಾ 22 ಯೂರೋದಂತೆ 66, ನೋತ್ರ್ ದಾಮ್ ಹೆಸರಿನಲ್ಲಿ ಪಡೆದ 45, ಒಟ್ಟು 111 ಯೂರೋಗಳನ್ನು ರೂಪಾಯಿ ಲೆಕ್ಕದಲ್ಲಿ ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದೂ, ಸೇವಾ ಲೋಪಕ್ಕೆ ಸೂಕ್ತ ಪರಿಹಾರವನ್ನು ಲಿಖಿತವಾಗಿ ತಿಳಿಸಬೇಕೆಂದೂ, ತಂಡದ ಉಳಿದವರಿಗೂ ಅವರವರ ಹಣವನ್ನು ಹಿಂದಿರುಗಿಸಬೇಕೆಂದೂ ಕೋರುತ್ತೇನೆ. ಮುಂದಿನ ಪ್ರವಾಸದ ರಿಯಾಯಿತಿ ಕೂಪನ್ ನನಗೆ ಬೇಡ. ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಕಾರ್ಯಕ್ರಮ ಪಟ್ಟಿ ಮತ್ತು ಹಣ ಪಾವತಿಯ ರಸೀದಿಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮುಚ್ಚಿದ ಬಾಗಿಲ ಮುಂದೆ ನಿಮ್ಮ ಟೂರ್ ಮ್ಯಾನೇಜರೇ ತೆಗೆದುಕೊಟ್ಟ, ದಿನಾಂಕ ಮತ್ತು ಸಮಯವಿರುವ ನಮ್ಮ ಮೂವರ ಫೋಟೋ ಕೂಡ ಜೊತೆಗಿದೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಬಸವನಗುಡಿ, ಬೆಂಗಳೂರು