ವಿಜ್ಞಾನ ಕಥೆಯ ಕ್ಲಾಸು: ಗುರುವಾರಕ್ಕೆ ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಕಥೆಗಳ ಪೇಪರ್ ತೆಗೆದುಕೊಂಡಿರುವ ಎಂ.ಎ. ವಿದ್ಯಾರ್ಥಿಗಳಿಗೆ ಈ ಸೂಚನೆ.

ಗುರುವಾರ ಬೆಳಿಗ್ಗೆ 10:30ಕ್ಕೆ ಬಂಗಾಳದ ಲೇಖಕಿ ಬೇಗಂ ರೊಕೆಯಾ ಅವರ ‘ಸುಲ್ತಾನಾಸ್ ಡ್ರೀಮ್’ ಮಾಡೋಣ. 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲೇ ಬಂದ ಕಥೆ. ಚಿಕ್ಕದು, ಒಂದೇ ಸಲ ಕೂತು ಓದಿಬಿಡಬಹುದು. ಪಿಡಿಎಫ್ ಇಲ್ಲೇ ಹಾಕಿದ್ದೇನೆ.

ದಯವಿಟ್ಟು ಸಾರಾಂಶ ಬರೆದುಕೊಂಡು ಬರಬೇಡಿ. ಅಡುಗೆಮನೆಯ ಭಾಗವನ್ನು ಎರಡು ಸಲ ಓದಿ. ಅಲ್ಲಿ ಹೊಗೆಯಿಲ್ಲ, ಕಲ್ಲಿದ್ದಲಿಲ್ಲ, ಬಿಸಿಲಿನ ಶಾಖದಲ್ಲೇ ಅಡುಗೆ. ಅದೇ ಶಾಖವನ್ನು ಶತ್ರು ಸೈನ್ಯದ ಮೇಲೆ ತಿರುಗಿಸಿ ಹೆಂಗಸರು ಯುದ್ಧ ಗೆಲ್ಲುತ್ತಾರೆ. ದೇಶ ನಡೆಸುವವರೂ ಅವರೇ, ಗಂಡಸರು ಮನೆಯೊಳಗೆ! ಒಂದು ಸಾಧನ ಹೊಸದಾಗಿ ಬಂದರೆ ಮನೆಗೆಲಸ, ಅಧಿಕಾರ, ಬೀದಿಯ ಓಡಾಟ ಏನೇನು ಬದಲಾಗುತ್ತೆ? ಇದರ ಬಗ್ಗೆ ಒಂದೇ ಪುಟ, ಕೈಬರಹದಲ್ಲಿ ತನ್ನಿ. ರಾಕೆಟ್, ರೋಬೋಟ್ ಇದ್ದರೆ ಮಾತ್ರ ವಿಜ್ಞಾನ ಕಥೆ ಅನ್ನುವವರು ಈ ಕಥೆಯನ್ನು ಓದಲೇಬೇಕು.

ಸಮಯ ಉಳಿದರೆ ಜಗದೀಶ್ ಚಂದ್ರ ಬೋಸರ 1896ರ ಬಂಗಾಳಿ ಕಥೆ ಹೇಳುತ್ತೇನೆ. ಕೂದಲಿಗೆ ಹಚ್ಚುವ ಎಣ್ಣೆ ಚಂಡಮಾರುತವನ್ನೇ ತಣ್ಣಗಾಗಿಸುವ ಕಥೆ ಅದು.

ಇಂಗ್ಲಿಷ್ ಕಷ್ಟ ಅನ್ನಿಸಿದರೆ ಸಂಕೋಚ ಬೇಡ. ಬುಧವಾರ ಮಧ್ಯಾಹ್ನ 3ಕ್ಕೆ ಡಿಪಾರ್ಟ್‌ಮೆಂಟಿಗೆ ಬನ್ನಿ, ಕನ್ನಡದಲ್ಲಿ ಹೇಳಿಕೊಳ್ಳುತ್ತಾ ಒಟ್ಟಿಗೆ ಓದೋಣ. ಬರುವವರು ಮಂಗಳವಾರ ರಾತ್ರಿಯೊಳಗೆ ಇಲ್ಲಿ ‘ಬರ್ತೀನಿ’ ಅಂತ ಹಾಕಿ.

ಕನ್ನಡದ ವಿಜ್ಞಾನ ಕಥೆಗಾರ ರಾಜಶೇಖರ ಭೂಸನೂರಮಠರ ಪುಸ್ತಕಗಳು ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ. ಮುಂದಿನ ವಾರಕ್ಕೆ ಬೇಕು.