ಮಗಳಿಗೊಂದು ಪತ್ರ: ‘ಎಷ್ಟು ತಿಂಗಳಲ್ಲಿ ಹೋಗುತ್ತೆ ಡಾಕ್ಟರೇ?’

ಪುಟ್ಟೀ,

ನಿನ್ನೆ ಫೋನಿನಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಕುಕ್ಕರ್ ಕೂಗುತ್ತಿತ್ತು, ಬಾಗಿಲಲ್ಲಿ ಯಾರೋ ಬಂದಿದ್ದರು. ‘ಸಕ್ಕರೆ ಕಾಯಿಲೆ ಎಷ್ಟು ತಿಂಗಳಲ್ಲಿ ಪೂರ್ತಿ ಹೋಗುತ್ತೆ ಅಂತ ಕೇಳಿದರೆ ಏನು ಹೇಳಲಿ ಅಮ್ಮಾ?’ ಅಂದೆಯಲ್ಲ. ಆಯುರ್ವೇದ ಕ್ಲಿನಿಕ್ ತೆರೆದು ಮೂರು ವಾರಕ್ಕೆ ನಿನಗೆ ಈ ಪ್ರಶ್ನೆ ಬಂತು. ನನಗೆ ಮೊದಲ ದಿನವೇ ಬಂದಿತ್ತು.

ನಾನು ಕೊಟ್ಟ ಉತ್ತರ ‘ಆರು ತಿಂಗಳು’.

ಕೇಳಿದವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಕಷಾಯ ಕೊಟ್ಟೆ, ಚೂರ್ಣ ಕೊಟ್ಟೆ. ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಅಂತ ಹೇಳಲಿಲ್ಲ, ನಿಲ್ಲಿಸಬೇಡಿ ಅಂತಲೂ ಹೇಳಲಿಲ್ಲ. ಅವರು ನಿಲ್ಲಿಸಿಬಿಟ್ಟರು. ನಾಲ್ಕು ತಿಂಗಳ ಮೇಲೆ ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಾಗ ಸಕ್ಕರೆ 380 ಇತ್ತು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಬೆರಳು ಉಳಿಯಿತು. ಅವರು ನನ್ನನ್ನು ಬೈಯಲಿಲ್ಲ. ‘ಆರು ತಿಂಗಳು ಇನ್ನೂ ಆಗಿಲ್ಲವಲ್ಲ ಡಾಕ್ಟರೇ’ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಸುಖಸಾಧ್ಯ (ಸುಲಭವಾಗಿ ವಾಸಿಯಾಗುವುದು), ಕೃಚ್ಛ್ರಸಾಧ್ಯ (ಕಷ್ಟಪಟ್ಟರೆ ವಾಸಿಯಾಗುವುದು), ಯಾಪ್ಯ (ವಾಸಿಯಾಗದಿದ್ದರೂ ಹತೋಟಿಯಲ್ಲಿಡಬಹುದಾದದ್ದು), ಅಸಾಧ್ಯ ಅಂತ ನೀನು ಪಡಸಾಲೆಯಲ್ಲಿ ಓಡಾಡುತ್ತಾ ಬಾಯಿಪಾಠ ಮಾಡುತ್ತಿದ್ದೆ. ಅದರಲ್ಲಿ ಮೂರನೆಯದನ್ನು ಗಟ್ಟಿಯಾಗಿ ಹಿಡಿದುಕೋ. ಬೀಳಲಿರುವ ಮನೆಗೆ ಕಂಬದ ಆಸರೆ ಕೊಟ್ಟ ಹಾಗೆ ಅನ್ನುತ್ತಾನೆ ನಮ್ಮ ಹಳೇ ಗ್ರಂಥಕಾರ ಸುಶ್ರುತ. ಕಂಬ ಇರುವವರೆಗೆ ಮನೆ ನಿಲ್ಲುತ್ತದೆ, ಒಳಗೆ ಮದುವೆ ಮುಂಜಿ ಎಲ್ಲಾ ನಡೆಯುತ್ತದೆ. ತೆಗೆದರೆ ಕುಸಿಯುತ್ತದೆ. ನಮ್ಮ ಹತ್ತಿರ ಬರುವ ಹಳೇ ಕಾಯಿಲೆಗಳಲ್ಲಿ ಬಹಳಷ್ಟು ಯಾಪ್ಯವೇ. ಹಾಗಂತ ಬಾಯಿಬಿಟ್ಟು ಹೇಳಲು ನನಗೆ ವರ್ಷಗಳು ಬೇಕಾದವು.

ಎಲ್ಲರಿಗೂ ಒಂದೇ ಉತ್ತರವೂ ಅಲ್ಲ. ಪ್ರಮೇಹ, ಅಂದರೆ ಸಕ್ಕರೆ ಕಾಯಿಲೆಯೂ ಸೇರಿದ ಮೂತ್ರದ ಕಾಯಿಲೆಗಳ ಗುಂಪು, ಇಪ್ಪತ್ತು ಬಗೆ ಅಂತ ಹೇಳಿದ ಇನ್ನೊಬ್ಬ ಹಳೇ ಗ್ರಂಥಕಾರ ಚರಕ, ಕಫದ ಹತ್ತು ಸಾಧ್ಯ, ಪಿತ್ತದ ಆರು ಯಾಪ್ಯ, ವಾತದ ನಾಲ್ಕು ಅಸಾಧ್ಯ ಅಂತ ಬೇರೆ ಮಾಡಿಟ್ಟ. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) 6 ಇರುವ, ಹೊಟ್ಟೆ ಬಂದಿರುವ ನಲವತ್ತರ ಗಂಡಸು ತೂಕ ಇಳಿಸಿದರೆ ವಾಪಸ್ ಬರಬಹುದು. ಹದಿನೈದು ವರ್ಷದಿಂದ ಕಾಯಿಲೆ ಇದ್ದು ಸೊರಗಿದವರಿಗೆ ಅದೇ ಉಪವಾಸ ಹೇಳಿದರೆ ತಪ್ಪು, ಅವರಿಗೆ ಪುಷ್ಟಿ ಬೇಕು. ಇನ್ಸುಲಿನ್ ಮೇಲೇ ಬದುಕಿರುವ ಮಗುವನ್ನು ಕರೆದುಕೊಂಡು ಬಂದರೆ ಇನ್ಸುಲಿನ್ ತಂಟೆಗೆ ಹೋಗಬೇಡ. ಅಪ್ಪ ಅಮ್ಮ ಎಷ್ಟೇ ಅತ್ತರೂ.

ಬಂದವರು ಸುಮ್ನೆ ಕೈ ಮುಂದೆ ಚಾಚುತ್ತಾರೆ, ‘ನಾಡಿ ನೋಡಿ ನೀವೇ ಹೇಳಿ’ ಅಂತ. ನೋಡು, ಆದರೆ ಆ ಆಟಕ್ಕೆ ಬೀಳಬೇಡ. ನಾಡಿ ಪರೀಕ್ಷೆ ಚರಕ, ಸುಶ್ರುತರಲ್ಲಿ ಇಲ್ಲ, ಬಹಳ ನಂತರದ ವೈದ್ಯ ಶಾರ್ಙ್ಗಧರನ ಕಾಲಕ್ಕೆ ಬಂದದ್ದು. ಇನ್ನೊಬ್ಬ ಹಳೇ ಗ್ರಂಥಕಾರ ವಾಗ್ಭಟ ಹೇಳಿದ್ದು ‘ನೋಡು, ಮುಟ್ಟು, ಪ್ರಶ್ನೆ ಕೇಳು’ ಅಂತ. ಈ ಕೇಳುವುದರಲ್ಲೇ ನಮ್ಮ ಅರ್ಧ ಕೆಲಸ.

‘ಸಾಮಾನ್ಯವಾಗಿ ಏನು ತಿಂತೀರಿ?’ ಅಂದರೆ ಎಲ್ಲರೂ ‘ಸ್ವಲ್ಪ ಅನ್ನ, ಸಾರು’ ಅಂತಾರೆ. ನಾನು ‘ನಿನ್ನೆ ಎದ್ದಾಗಿನಿಂದ ಹೇಳಿ’ ಅನ್ನುತ್ತೇನೆ. ಒಮ್ಮೆ ಒಬ್ಬರು ‘ಸ್ವಲ್ಪ’ ಅನ್ನುವಾಗ ಹಿಂದೆ ನಿಂತಿದ್ದ ಹೆಂಡತಿ ಕೈಯಲ್ಲೇ ಅನ್ನದ ಗುಡ್ಡೆ ಮಾಡಿ ತೋರಿಸಿದರು! ಆಮೇಲೆ ಒಂದೊಂದೇ ಹೊರಬಂತು. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ನಿದ್ದೆ. ದೋಸೆಗೆ ಜೋನಿಬೆಲ್ಲ. ರಾತ್ರಿ ಹತ್ತಕ್ಕೆ ಊಟ, ಮೇಲೆ ಗಟ್ಟಿ ಮೊಸರು. ಮೊದಲು ತೋಟಕ್ಕೆ ನಡೆಯುತ್ತಿದ್ದರು, ಈಗ ಬೈಕು. ಪ್ರಮೇಹಕ್ಕೆ ಚರಕ ಕೊಟ್ಟ ಕಾರಣಗಳನ್ನು ನೆನಪು ಮಾಡಿಕೋ: ಕೂತಿರುವ ಸುಖ, ಮಲಗುವ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ತಿಂಡಿ. ಅವರ ಮನೆಗೇ ಹೋಗಿ ಬರೆದ ಹಾಗಿದೆ, ಅಲ್ವಾ?

ಇದನ್ನೆಲ್ಲ ಒಂದೇ ದಿನ ಬಿಡಿಸಲು ಹೋಗಬೇಡ. ದೊಡ್ಡ ಪಥ್ಯದ ಪಟ್ಟಿ ಕೊಟ್ಟರೆ ಅದು ಕ್ಯಾಲೆಂಡರ್ ಹಿಂದೆ ಸೇರುತ್ತದೆ. ಅವರಿಗೆ ನಾನು ಮೊದಲ ತಿಂಗಳು ಹೇಳಿದ್ದು ಎರಡೇ: ರಾತ್ರಿ ಊಟ ಏಳೂವರೆಗೆ, ಮೊಸರಿನ ಬದಲು ನೀರು ಮಜ್ಜಿಗೆ. ಮಧ್ಯಾಹ್ನದ ನಿದ್ದೆ ಎರಡನೇ ತಿಂಗಳಿಗೆ. ಔಷಧಿ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಹಳೇ ಪುಸ್ತಕದಲ್ಲಿರುವುದೆಲ್ಲ ಹಾಗೇ ಹೇಳಬೇಕೆಂದೂ ಇಲ್ಲ. ಬಡ ಪ್ರಮೇಹಿ ಕೊಡೆ, ಚಪ್ಪಲಿ ಇಲ್ಲದೆ ನೂರು ಯೋಜನ (ಹಳೇ ಕಾಲದ ದೂರದ ಅಳತೆ) ನಡೆಯಲಿ, ಇಲ್ಲವೇ ಬಾವಿ ತೋಡಲಿ ಅಂತಾನೆ ಸುಶ್ರುತ. ನಡೆಯುವುದು, ತೋಡುವುದು ಒಪ್ಪಿದೆ. ಬರಿಗಾಲು ಮಾತ್ರ ಬೇಡವೇ ಬೇಡ. ಜೋಮು ಹಿಡಿದ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಪ್ರತಿ ಸಲ ಚಪ್ಪಲಿ ಬಿಡಿಸಿ ಪಾದ ನೋಡು.

ಮನೆಯಲ್ಲಿರುವ ಔಷಧಿಯನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬರಲು ಹೇಳು. ಬಿಪಿ ಎಷ್ಟು ಮಾತ್ರೆಗೂ ಇಳಿಯದ ಒಬ್ಬ ಟೀಚರ್ ಚೀಲದಲ್ಲಿ ಜ್ಯೇಷ್ಠಮಧುವಿನ ಡಬ್ಬಿ ಸಿಕ್ಕಿತು. ಹುಳಿತೇಗಿಗೆ ಅಂತ ವಾಟ್ಸಾಪ್ ನೋಡಿ ತಿಂಗಳುಗಟ್ಟಲೆ ತಿಂದಿದ್ದರು. ಅದು ಜಾಸ್ತಿಯಾದರೆ ಬಿಪಿ ಏರಿಸುತ್ತದೆ. ‘ಗಿಡಮೂಲಿಕೆ ತಾನೇ, ಏನೂ ಆಗಲ್ಲ’ ಅನ್ನುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಇನ್ನು ಸಕ್ಕರೆ ಇಳಿಸುವ ಮೂಲಿಕೆ ಮಧುನಾಶಿನಿ ಕೊಡುವುದಾದರೆ ಅವರ ಇಂಗ್ಲಿಷ್ ಡಾಕ್ಟರಿಗೆ ಒಂದು ಚೀಟಿ ಬರೆ. ಎರಡೂ ಸೇರಿ ಸಕ್ಕರೆ ತೀರಾ ಇಳಿದರೆ ತಲೆ ಸುತ್ತಿ ಬೀಳುವುದು ರೋಗಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ನೋಡು. ಮಾತ್ರೆ ಕಡಿಮೆ ಮಾಡುವುದಿದ್ದರೆ ಅದನ್ನು ಬರೆದುಕೊಟ್ಟವರೇ ಮಾಡಲಿ.

ಮಂಡಿಯವರು ಈಗಲೂ ಬರುತ್ತಾರೆ. 22 ವರ್ಷವಾಯಿತು. ಎರಡೂ ಕಡೆಯ ಔಷಧಿ ತಗೊಳ್ಳುತ್ತಾರೆ, ಬೆಳಗ್ಗೆ ಚಪ್ಪಲಿ ಹಾಕಿಕೊಂಡು ಕೆರೆ ಏರಿ ಸುತ್ತುತ್ತಾರೆ. ಹೋದ ತಿಂಗಳು ಬಂದವರು ಕೂರುತ್ತಲೇ ‘ಆರು ತಿಂಗಳು ಆಯ್ತಾ ಡಾಕ್ಟರೇ?’ ಅಂತ ನಕ್ಕರು. ನಿನ್ನ ವಿಷಯ ಹೇಳಿದೆ. ಹಿತ್ತಲ ನೆಲ್ಲಿಕಾಯಿ ಒಂದು ಚೀಲ ತಂದಿಟ್ಟಿದ್ದಾರೆ, ಮಗಳ ಕ್ಲಿನಿಕ್ಕಿಗೆ ಅಂತ. ನಮ್ಮ ಅರಿಶಿನದ ಜೊತೆ ಶನಿವಾರದ ಬಸ್ಸಿಗೆ ಹಾಕುತ್ತೇನೆ. ಬಿಸಿಲಿಗಲ್ಲ, ನೆರಳಲ್ಲಿ ಒಣಗಿಸು.

ಅಮ್ಮ