ಮಗಳಿಗೊಂದು ಪತ್ರ: ಬೆಲ್ಟ್ ಕವರ್

ಪುಟ್ಟಿ,

ನಿನ್ನೆ ಫೋನಿನಲ್ಲಿ "ಟಿಲ್ಲರ್ ಚೆನ್ನಾಗಿದೆ ಅಲ್ವಾ ಅಪ್ಪಯ್ಯ, ಈ ವಾರ ಕಳಿಸ್ತೀಯಾ?" ಅಂತ ಕೇಳಿದೆ. ನಾನು ಹೂಂ ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟೆ. ಟಿಲ್ಲರ್ ಚೆನ್ನಾಗಿಲ್ಲ. ಬಾಯಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಕೈಯಾರೆ ಮಾಡಿದ ಆ ಪುಟ್ಟ ಟಿಲ್ಲರ್ ಮಾಡೆಲನ್ನು ಇಟ್ಟುಹೋಗಿದ್ದು ಜಗಲಿಯ ಗಾಜಿನ ಬೀರುವಿನಲ್ಲಿ. ದೀಪಾವಳಿ ಕಳೆದ ಮೇಲೆ ನಾನೇ ಅದನ್ನೂ ನಿನ್ನ ಮ್ಯಾಸ್ಸಿ ಟ್ರ್ಯಾಕ್ಟರ್ ಮಾಡೆಲನ್ನೂ ರಟ್ಟಿನ ಡಬ್ಬಿಗೆ ಹಾಕಿ ಅಟ್ಟದ ಮೇಲೆ ಇಟ್ಟೆ. ಈ ಸಲ ಪುನರ್ವಸು ಮಳೆಯಲ್ಲಿ ಮಂಗ ಹಾರಿ ಹಂಚು ಜರುಗಿತ್ತು. ಹನಿ ನೇರ ಡಬ್ಬಿಯ ಮೇಲೆ ಬಿದ್ದಿದೆ. ಎಷ್ಟು ದಿನ ಬಿತ್ತೋ. ಭಾನುವಾರ ತೆಗೆದಾಗ ಡಬ್ಬಿ ಕೈಯಲ್ಲೇ ಹರಿದು ಬಂತು.

ಮ್ಯಾಸ್ಸಿ 135 ಉಳಿದಿದೆ. ಎರಕದ ಮೈ, ತಡೆದುಕೊಂಡಿದೆ. ಕೇಜ್ ವೀಲ್‌ನ, ಅದೇ ಕೆಸರಿಗೆ ಇಳಿಸೋ ಪಟ್ಟಿ ಚಕ್ರದ, ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿದೆ, ಸ್ಟಿಕ್ಕರ್‌ಗೆ ಬೂಷ್ಟು ಬಂದಿದೆ, ಅಷ್ಟೇ. ಟಿಲ್ಲರ್‌ದು ಎಡಗಡೆ ಹ್ಯಾಂಡಲ್ ಕಿತ್ತು ಬಂದಿತ್ತು, ಇಂಜಿನ್ ಮೇಲೆ ಬಣ್ಣ ಗುಳ್ಳೆ ಎದ್ದಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ನೀನು ಸರಿ ಮಾಡಿಕೊಳ್ಳುತ್ತಿದ್ದೆ. ನಾನು ಬೂಷ್ಟು ತೆಗೆಯೋಣ ಅಂತ ಪೇಂಟಿನ ಥಿನ್ನರ್ ಹಚ್ಚಿ ಒರೆಸಿದೆ. ಬೂಷ್ಟಿನ ಜೊತೆ ಬಣ್ಣವೂ ಬಂತು. ಅಡಿಯ ಪ್ಲಾಸ್ಟಿಕ್ ಜೋನಿ ಬೆಲ್ಲದ ಹಾಗೆ ಮೆತ್ತಗಾಗಿ ನನ್ನ ಹೆಬ್ಬೆರಳಿನ ಗುರುತು ಅದರಲ್ಲಿ ಕೂತುಬಿಟ್ಟಿತು. ರೇಡಿಯೇಟರ್ ಹತ್ತಿರ ನೋಡು, ಗೆರೆ ಗೆರೆಯಾಗಿ ಕಾಣುತ್ತೆ.

ಕ್ಷಮಿಸು ಮಗಳೇ.

ಅದಕ್ಕೆ ನೀನು ಎಷ್ಟು ಕೆಲಸ ಮಾಡಿದ್ದೆ ಅಂತ ನನಗೆ ಗೊತ್ತು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಟ್ರ್ಯಾಕ್ಟರ್‌ನಿಂದ ಶುರುವಾದದ್ದು. ಆಮೇಲೆ ಬ್ರಿಟನ್ಸ್, ಸಿಕು ಅಂತ ಕಂಪನಿಗಳ ಹೆಸರು ಹೇಳತೊಡಗಿದೆ. ನಿಜವಾದ ಗಾಡಿಯ 32ನೇ ಒಂದು ಪಾಲು, ಹೊಲದ ಯಂತ್ರಗಳ ಮಾಡೆಲ್‌ಗೆ ಜಾಸ್ತಿ ನಡೆಯೋ ಅಳತೆ ಅದೇ ಅಂದೆ. ಆ ಮ್ಯಾಸ್ಸಿ ಬಂದ ದಿನವೇ ಅಡಿಯ ರಿವಿಟ್‌ಗಳ ತಲೆಗೆ ಡ್ರಿಲ್ ಹಾಕಿ ಬಿಚ್ಚಿದೆ. ಅಷ್ಟು ದುಡ್ಡು ಕೊಟ್ಟು ತರಿಸಿದ್ದನ್ನು ಯಾಕೆ ಹಾಳು ಮಾಡುತ್ತೀ ಅಂತ ನಾನು ಬೈದೆ. "ಇದರ ಟೈರು ಒಣ ಹೊಲದ್ದು ಅಪ್ಪಯ್ಯ, ನಮ್ಮ ಗದ್ದೆಯಲ್ಲಿ ಹೂತುಹೋಗುತ್ತೆ" ಅಂದೆ. ಸುಟ್ಟ ಪಂಪ್‌ಸೆಟ್ ಮೋಟಾರಿನ ತಂತಿ ಬಿಚ್ಚಿ, ಸುತ್ತಿ, ಬೆಸುಗೆ ಹಾಕಿ ಕೇಜ್ ವೀಲ್ ಮಾಡಿದೆ. ಅದಕ್ಕಾಗಿ ನವುಲೆ ಕೃಷಿ ಮೇಳದಲ್ಲಿ ಟ್ರ್ಯಾಕ್ಟರ್ ಅಡಿಗೆ ಮಲಗಿ ಪಟ್ಟಿ ಎಣಿಸಿದ್ದೆ. ನಾನು ನಿನ್ನ ಚಪ್ಪಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಜನ ನೋಡುತ್ತಿದ್ದರು. ನನಗೆ ಎದೆ ಉಬ್ಬಿತ್ತು. ಆವತ್ತು ಹೇಳಲಿಲ್ಲ.

ಟಿಲ್ಲರ್ ಮಾತ್ರ ಹುಡುಕಿದ ಕಡೆಯೆಲ್ಲ ಸಿಗಲಿಲ್ಲ. ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ನೀನೇ ಮಾಡಿದೆ. ನಮ್ಮ ಟಿಲ್ಲರ್‌ಗೆ ಟೇಪ್ ಹಿಡಿದು 2 ಮೀಟರ್ 70 ಅಂತ ಬರೆದುಕೊಂಡೆ, 32ರಿಂದ ಭಾಗಿಸಿದೆ, ನನ್ನ ತೋರುಬೆರಳಿಗಿಂತ ಸ್ವಲ್ಪ ಉದ್ದ ಬಂತು. ಕೆಸರು ಹಚ್ಚೋಕೆ ಗದ್ದೆ ಮಣ್ಣನ್ನೇ ತಂದು ನನ್ನ ಹಳೇ ಪಂಚೆಯಲ್ಲಿ ಮೂರು ಸಲ ಸೋಸಿದ್ದೆ. ಒಂದು ಮಿಲಿಮೀಟರ್ ಮರಳು ಕಾಳು ಉಳಿದರೂ ಆ ಅಳತೆಯಲ್ಲಿ ಅದು ಮೂರು ಸೆಂಟಿಮೀಟರ್ ಜಲ್ಲಿ ಆಗುತ್ತೆ ಅಂತ ವಿವರಿಸಿದೆ. ಮಳೆಗಾಲದಲ್ಲಿ ಸ್ಪ್ರೇ ಹೊಡೆದರೆ ಥಂಡಿಗೆ ಬಣ್ಣ ಬೆಳ್ಳಗೆ ಮಂಜು ಕಟ್ಟುತ್ತೆ ಅಂತ ಅಡಿಕೆ ಒಲೆಯ ಕಾವಿನ ಹತ್ತಿರ ಕೂತು ಒಂದೊಂದೇ ಪದರ ಬಣ್ಣ ಹೊಡೆದೆ. ಇದನ್ನು ಬಂದವರ ಮುಂದೆ ಆಟಿಕೆ ಅಂತ ನಾನು ಎಷ್ಟು ಸಲ ಕರೆದಿದ್ದೇನೋ. ಅದೂ ತಪ್ಪೇ.

ಈಗ ಅಟ್ಟಕ್ಕೆ ಯಾಕೆ ಹಾಕಿದೆ ಅನ್ನೋದು. ಧೂಳು ಬೀಳುತ್ತೆ, ಮಕ್ಕಳು ಬರುತ್ತಾರೆ ಅಂತ ಅಮ್ಮನಿಗೆ ಹೇಳಿದ್ದೆ. ಅದು ಸುಳ್ಳು.

ದೀಪಾವಳಿಗೆ ಬಂದಿದ್ದ ನಮ್ಮ ನೆಂಟರೊಬ್ಬರು, ಅವರೂ ಟಿಲ್ಲರ್ ಹೊಡೆಯುವವರೇ, ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಲಿವರ್ ಇದೆ, ರೋಟರಿ ಬ್ಲೇಡ್ ಇದೆ, ಎಲ್ಲ ಇದೆ. ಬೆಲ್ಟ್ ಕವರ್ ಒಂದು ಹಾಕೋಕೆ ಮರೆತಿದಾಳೆ" ಅಂದರು. ನಾನು ಹೂಂ ಅಂದೆ. ನೀನು ಮರೆತಿಲ್ಲ ಅಂತ ನನಗೆ ಗೊತ್ತಿತ್ತು.

ನಿನಗೆ ಆಗ 9 ವರ್ಷ. ಆರಿದ್ರಾ ಮಳೆ. ಕೆಳಗಿನ ಗದ್ದೆ ಹೂಡಿ ಮುಗಿಸಿ, ನಳ್ಳಿ ಹೊಡೆದು ಮಟ್ಟ ಮಾಡೋ ಮೊದಲು ಟಿಲ್ಲರ್‌ನ್ನು ಅಂಚಿನ ಪಕ್ಕ ನಿಲ್ಲಿಸಿದ್ದೆ. ಇಂಜಿನ್ ಆಫ್ ಮಾಡಿರಲಿಲ್ಲ. ಮತ್ತೆ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡೋದು ಬೇಡ ಅನ್ನೋ ಸೋಮಾರಿತನ. ಕ್ಲಚ್ ಬಿಡಿಸಿದ್ದರೂ ಇಂಜಿನ್ ಓಡುವಷ್ಟು ಹೊತ್ತು ಬೆಲ್ಟ್ ತಿರುಗುತ್ತಲೇ ಇರುತ್ತೆ. ಕವರ್ ಇರಲಿಲ್ಲ. ಬೆಲ್ಟ್ ಒದ್ದೆಯಾಗಿ ಜಾರುತ್ತೆ, ಬಿಗಿ ಮಾಡೋಕೆ ಪ್ರತಿ ಸಲ ಬೋಲ್ಟ್ ಬಿಚ್ಚಬೇಕು ಅಂತ ನಾನೇ ತೆಗೆದು ಕೊಟ್ಟಿಗೆಗೆ ಎಸೆದಿದ್ದೆ. ಅದರೊಳಗೆ ಹುಲ್ಲು ತುಂಬಿಕೊಂಡು ಕೋಳಿ ಕಾವಿಗೆ ಕೂತಿತ್ತು.

ನೀನು ಕಾಫಿ ಫ್ಲಾಸ್ಕ್ ಹಿಡಿದು ಬಂದೆ. ಮಳೆಗೆ ಹೊದ್ದ ನೀಲಿ ಪ್ಲಾಸ್ಟಿಕ್ ಕೊಪ್ಪೆ, ಕುತ್ತಿಗೆ ಹತ್ತಿರ ದಾರದ ಗಂಟು. ಗಾಳಿಗೆ ಕೊಪ್ಪೆಯ ತುದಿ ಹಾರಿತು. ನಾನು ನೋಡುತ್ತಿದ್ದ ಹಾಗೇ ಬೆಲ್ಟ್ ಅದನ್ನು ಎಳೆದುಕೊಂಡಿತು. ಲಿವರ್ ಸ್ಟಾಪಿಗೆ ಎಳೆದೆ. ಡೀಸೆಲ್ ಇಂಜಿನ್ ಎಳೆದ ತಕ್ಷಣ ನಿಲ್ಲಲ್ಲ, ಫ್ಲೈವೀಲ್ ಭಾರಕ್ಕೆ ಇನ್ನಷ್ಟು ಸುತ್ತು ಹೋಗುತ್ತೆ. ಆ ಸುತ್ತುಗಳು ಇವತ್ತಿಗೂ ನನಗೆ ಕೇಳುತ್ತವೆ. ದಾರ ಹಳೇದು, ತುಂಡಾಯಿತು. ನೀನು ಕೆಸರಿನಲ್ಲಿ ಹಿಂದಕ್ಕೆ ಬಿದ್ದೆ. ಫ್ಲಾಸ್ಕ್ ಕೈಯಲ್ಲೇ ಇತ್ತು. ಕುತ್ತಿಗೆ ಸುತ್ತ ಕೆಂಪಗೆ ಒಂದು ಗೆರೆ. ದಾರ ಹೊಸದಾಗಿದ್ದರೆ? ಹಿಂದಿನ ವಾರವೇ ಅಂಗಡಿಯಿಂದ ನೈಲಾನ್ ದಾರ ತಂದಿದ್ದೆ. ಕಟ್ಟಿಕೊಡೋಕೆ ಪುರುಸೊತ್ತಾಗಿರಲಿಲ್ಲ. ಪುರುಸೊತ್ತಾಗಿದ್ದರೆ? ರಾತ್ರಿ ಮಳೆ ಜೋರಾಗಿ ಬಂದಾಗಲೆಲ್ಲ ಇದನ್ನೇ ಯೋಚಿಸುತ್ತೇನೆ. ದಾರ ಕಟ್ಟಿದ್ದರೆ, ಗಾಳಿ ಇನ್ನೊಂದು ದಿಕ್ಕಿಗೆ ಬೀಸಿದ್ದರೆ, ನೀನು ಇನ್ನೊಂದು ಹೆಜ್ಜೆ ಹತ್ತಿರ ಬಂದಿದ್ದರೆ.

ಆಮೇಲೆ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ತೋಟದ ಹಳ್ಳದಲ್ಲಿ ನಿನ್ನ ಮೈ ತೊಳೆದು, "ಬೇಲಿ ಮುಳ್ಳು ಗೀರಿತು ಅಂತ ಅಮ್ಮನಿಗೆ ಹೇಳು" ಅಂದೆ. ನೀನು ಹಾಗೇ ಹೇಳಿದೆ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದಳು. ಅಷ್ಟು ಚಿಕ್ಕ ಹುಡುಗಿಯ ಬಾಯಿಂದ ನನ್ನ ತಪ್ಪು ಮುಚ್ಚಿಸಿದೆ. ಸಂಜೆಯೇ ಕೋಳಿ ಎಬ್ಬಿಸಿ ಕವರ್ ತಂದು ನಾಲ್ಕೂ ಬೋಲ್ಟ್ ಹಾಕಿದೆ. ಅವತ್ತಿನಿಂದ ಆ ಕವರ್ ಇಲ್ಲದೆ ಟಿಲ್ಲರ್ ಗದ್ದೆಗೆ ಇಳಿದಿಲ್ಲ.

ಅಂದರೆ ನೀನು ಟೇಪ್ ಹಿಡಿದು ಅಳತೆ ತೆಗೆದಾಗ ಕವರ್ ಅದರ ಮೇಲೇ ಇತ್ತು. ಎಂಟು ವರ್ಷದಿಂದ ಇತ್ತು. ಆದರೂ ನೀನು ಕವರ್ ಇಲ್ಲದ ಟಿಲ್ಲರ್ ಮಾಡಿದೆ. ಎರಡು ಬೆಲ್ಟನ್ನು ಸೈಕಲ್ ಟ್ಯೂಬಿನಿಂದ ಕತ್ತರಿಸಿ ಹಾಕಿದೆ. ನಾನು ನೋಡಿದೆ, ಏನೂ ಕೇಳಲಿಲ್ಲ. ನೀನೂ ಏನೂ ಹೇಳಲಿಲ್ಲ. ದಿನಾ ಜಗಲಿಯಲ್ಲಿ ಕೂತಾಗ ಅದು ಕಣ್ಣಿಗೆ ಬೀಳುತ್ತಿತ್ತು. ನೆಂಟರು ಹಾಗಂದ ಮೇಲೆ ತಡೆಯೋಕಾಗಲಿಲ್ಲ. ಅದಕ್ಕೇ ಅಟ್ಟಕ್ಕೆ ಹಾಕಿದ್ದು.

ಈಗ ನೀನು ಜರ್ಮನಿಗೆ, ಅಷ್ಟು ದೂರ ಹೋಗುತ್ತಿದ್ದೀಯ. ಹೋಹೆನ್‌ಹೈಮ್ ವಿಶ್ವವಿದ್ಯಾಲಯ 1818ರಲ್ಲಿ ಶುರುವಾದದ್ದು, ಅಲ್ಲೇ ಕೃಷಿ ಯಂತ್ರಗಳ ಮ್ಯೂಸಿಯಂ ಕೂಡ ಇದೆ ಅಂತ ನೀನು ಹೇಳಿದಾಗಿನಿಂದ ಊರಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಆದರೆ ಅಲ್ಲಿ ನಿಜವಾದ ಯಂತ್ರಗಳ ಹತ್ತಿರ ಕೆಲಸ ಇರುತ್ತೆ. ಟ್ರ್ಯಾಕ್ಟರ್ ಹಿಂದೆ ಕಟ್ಟಿದ ಯಂತ್ರ ತಿರುಗಿಸೋ ಪಿಟಿಒ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಒಂದು ಎಳೆ ಬಟ್ಟೆ ಸಿಕ್ಕರೂ ಕೈ ಎಳೆದುಕೊಳ್ಳೋಕೆ ಸಮಯ ಸಿಗಲ್ಲ. ವೇಲ್ ಹಾಕಿಕೊಂಡು ಹತ್ತಿರ ಹೋಗಬೇಡ. ಜಡೆ ಎತ್ತಿ ಕಟ್ಟು. ಓಡುತ್ತಿರೋ ಶಾಫ್ಟ್ ದಾಟಬೇಡ. ಇಳಿಜಾರಿನಲ್ಲಿ ಇಳಿಯುವಾಗ ಟಿಲ್ಲರ್ ಸ್ಟೇರಿಂಗ್ ಕ್ಲಚ್ ಉಲ್ಟಾ ಕೆಲಸ ಮಾಡುತ್ತೆ, ಎಡಗಡೆದು ಹಿಡಿದರೆ ಬಲಕ್ಕೆ ಹೋಗುತ್ತೆ, ಅದನ್ನು ಅಲ್ಲಿ ಯಾರೂ ಹೇಳಿಕೊಡದೆ ಇರಬಹುದು. ಕವರ್ ಇಲ್ಲದ ಯಂತ್ರ ಕಂಡರೆ ಯಾರೇ ಹೇಳಿದರೂ ಮುಟ್ಟಬೇಡ, ದೊಡ್ಡ ಪ್ರೊಫೆಸರ್ ಹೇಳಿದರೂ ಅಷ್ಟೇ. ನಿನಗೆ ಇವೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆದೆ. ಊಟ ಬಿಡಬೇಡ.

ಎರಡೂ ಮಾಡೆಲ್‌ಗಳನ್ನು ಹಳೇ ಕಂಬಳಿ ತುಂಡಿನಲ್ಲಿ ಸುತ್ತಿ ತಗಡಿನ ಡಬ್ಬಿಗೆ ಹಾಕಿದ್ದೇನೆ. ಕಿತ್ತ ಹ್ಯಾಂಡಲ್ ಬೆಂಕಿಪೊಟ್ಟಣದಲ್ಲಿದೆ, ಎಸೆದುಬಿಡಬೇಡ. ಜರ್ಮನಿಗೆ ಒಯ್ಯುವ ಮೊದಲು ಸರಿ ಮಾಡೋಕೆ ಸಮಯ ಸಿಗುತ್ತಾ? ಮಾಡೋದಾದರೆ ನೀನು ಮಾಡಿದ್ದ ಹಾಗೇ ಮಾಡು. ನನಗೋಸ್ಕರ ಕವರ್ ಸೇರಿಸಬೇಡ.

ಅಮ್ಮನಿಗೆ ನಿನ್ನೆ ರಾತ್ರಿ ಎಲ್ಲ ಹೇಳಿದೆ. ಕೊಪ್ಪೆ, ದಾರ, ಬೇಲಿ ಮುಳ್ಳು, ಎಲ್ಲ. ಅವಳು ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಕಾಫಿ ಲೋಟ ತಂದು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು. ಈಗ ಹಿತ್ತಿಲಲ್ಲಿ ಇದ್ದಾಳೆ. ಪಾರ್ಸೆಲ್ ಸಿಕ್ಕ ಮೇಲೆ ಫೋನ್ ಮಾಡು. ಮೊದಲು ಅವಳ ಹತ್ತಿರ ಮಾತಾಡು, ಆಮೇಲೆ ನನಗೆ ಕೊಡಲಿ.

ನಿನ್ನ ಅಪ್ಪಯ್ಯ